ಚೀಟಿಯ ಮೇಲಿನ ನಂಬುಗೆ

ಹಲವರು ಕೂಡಿ ಮಾಡುವ ನಿಘಂಟಿನ ಕೆಲಸದಲ್ಲಿ ಪರಸ್ಪರ ವಿಶ್ವಾಸವು ಅಂಗೈಯಗಲದ ಚೀಟಿಯ ರೂಪದಲ್ಲಿರುತ್ತದೆ. ಕಾವ್ಯವನ್ನೋ ಶಾಸನವನ್ನೋ ಓದಿ, ಶಬ್ದವನ್ನೂ ಅದರ ಪ್ರಯೋಗವನ್ನೂ ಚೀಟಿಗಿಳಿಸಿ, ಪದ್ಯದ ಸಂಖ್ಯೆ ಹಾಕಿಟ್ಟವನು ಒಬ್ಬ. ವರ್ಷಗಳ ಬಳಿಕ ಅದನ್ನೆತ್ತಿಕೊಂಡು ಅರ್ಥ ಬರೆಯುವವನು ಮತ್ತೊಬ್ಬ. ಒಂದಕ್ಷರ ತಪ್ಪಿದ್ದರೆ ಭಾಷೆಯಲ್ಲಿಲ್ಲದ ಶಬ್ದವೇ ಹುಟ್ಟೀತು! ಹಾಗೆಂದು ಪ್ರತಿಯೊಂದು ಚೀಟಿಗೂ ಮೂಲವನ್ನು ತೆರೆಯುತ್ತ ಕುಳಿತರೆ ‘ಅ’ಕಾರವೇ ಮುಗಿಯದು. ಸಂಶಯ ಬಂದಲ್ಲಿ ಮೂಲವನ್ನು ನೋಡಬೇಕು. ಉಳಿದೆಡೆ ಕಾಣದ ಕೈಯನ್ನು ನಂಬಬೇಕು.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ದುಡಿದ ಡಿ. ಎಲ್. ನರಸಿಂಹಾಚಾರ್ಯರು 1971ರಲ್ಲಿ ತೀರಿಕೊಂಡರು. ಎಂಟನೆಯದಾದ ಕೊನೆಯ ಸಂಪುಟ ಹೊರಬಂದದ್ದು 1995ರಲ್ಲಿ. ಆ ವೇಳೆಗೆ ಜಿ. ವೆಂಕಟಸುಬ್ಬಯ್ಯನವರಿಗೆ ಎಂಬತ್ತು ದಾಟಿತ್ತು. ಚೀಟಿ ಬರೆದವರಾರೆಂದು ಓದುಗನು ಕೇಳುವುದಿಲ್ಲ. ಅವರು ಹಾಕಿಟ್ಟ ಪದ್ಯಸಂಖ್ಯೆಯನ್ನು ಹಿಡಿದು ನೇರವಾಗಿ ಪಂಪನನ್ನು ತೆರೆಯುತ್ತಾನೆ.