ಕಣ್ಣೆತ್ತರಕ್ಕೆ ತೂಗುವ ತೋಟ

ದಸರೆ ಮುಗಿದು ಬೆಂಗಳೂರಿನ ಮಳೆ ತಗ್ಗುತ್ತಿದ್ದಂತೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಪೆಟೂನಿಯಾ ಕಾಣಿಸಿಕೊಳ್ಳುತ್ತದೆ. ಹೂ ತುಂಬಿದ ತೂಗುಕುಂಡಗಳು ಸಾಲಾಗಿ ಇಳಿಬಿದ್ದಿರುತ್ತವೆ. ತೂಗುಕುಂಡದ ರುಚಿ ಹತ್ತಿದವರು ಅವುಗಳತ್ತ ಒಮ್ಮೆ ಕಣ್ಣು ಹಾಯಿಸಿ, ಎಳೆ ಸಸಿಗಳ ಟ್ರೇ ಇರುವ ಮೂಲೆಗೇ ನಡೆಯುತ್ತಾರೆ. ತುಂಬಿದ ಕುಂಡ ಕೊಂಡವರಿಗೆ ಹೂ ಸಿಗುತ್ತದೆ, ನಿಜ. ಆದರೆ ಖಾಲಿ ತಂತಿಬುಟ್ಟಿಯೊಂದು ವಾರದಿಂದ ವಾರಕ್ಕೆ ಹಸಿರು ಹೊದ್ದು, ಕೊನೆಗೆ ಅಂಚೇ ಕಾಣದಂತೆ ಹೂವಾಗುವುದನ್ನು ನೋಡುವ ಸುಖ ಸಸಿ ನೆಟ್ಟವರ ಪಾಲಿನದು.

ಬೀಜದಿಂದಲೇ ಶುರು ಮಾಡುವವರೂ ಇದ್ದಾರೆ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು. ಮೊಳೆಯಲು ಅದಕ್ಕೆ ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚುವಂತಿಲ್ಲ. ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ಸಂಕ್ರಾಂತಿಯ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ.

ಬುಟ್ಟಿಯ ಒಳಮೈಗೆ ತೆಂಗಿನ ನಾರಿನ ಹಾಸು ಹೊದಿಸುತ್ತಾರೆ. ತಿಪಟೂರು, ಅರಸೀಕೆರೆಯ ಕಡೆ ರಾಶಿ ಬೀಳುವ ತೆಂಗಿನ ಸಿಪ್ಪೆಗೆ ಇದಕ್ಕಿಂತ ಚೆಂದದ ಉಪಯೋಗ ಇರಲಾರದು: ನಾರು ಬುಟ್ಟಿಯ ಗೋಡೆಯಾಗುತ್ತದೆ, ಪುಡಿ ಕೋಕೋಪೀಟ್ ಆಗಿ ಒಳಗೆ ಸೇರುತ್ತದೆ. ಕೋಕೋಪೀಟನ್ನು ನೆನೆಸಿ, ಎರಡು ಮೂರು ಸಲ ತೊಳೆದು ಹಿಂಡಿಯೇ ಬಳಸಬೇಕು. ಅದರಲ್ಲಿ ಉಳಿದ ಉಪ್ಪಿನಂಶ ಎಳೆ ಬೇರನ್ನು ಸುಡುತ್ತದೆ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೆಮ್ಮಣ್ಣು, ಒಂದು ಹಿಡಿ ಬೇವಿನ ಹಿಂಡಿ ಸಾಕು. ಬರೀ ಮಣ್ಣು ತುಂಬಿದರೆ ತೂಕವೂ ಹೆಚ್ಚು, ಬೇರಿಗೆ ಗಾಳಿಯೂ ಆಡದು. 12 ಇಂಚು ಅಗಲದ ಅರೆಗೋಳದ ಬುಟ್ಟಿ ಸುಮಾರು 7 ಲೀಟರ್ ಮಿಶ್ರಣ ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದು ಏಳೆಂಟು ಕಿಲೋ ತೂಗುವುದರಿಂದ ಕೊಕ್ಕೆಯನ್ನು ಗಾರೆಗೆ ನೆಚ್ಚದೆ ಕಾಂಕ್ರೀಟಿನೊಳಗೇ ಬೋಲ್ಟ್ ಹಾಕಿ ಕೂರಿಸಬೇಕು. ಬೆಣ್ಣೆ ಗಡಿಗೆಗೆ ನೆಲುವು ಕಟ್ಟಿ ಪಳಗಿದ ಅಜ್ಜಿಯರಿರುವ ಮನೆಗೆ ಅಂಗಡಿಯ ಸರಪಳಿಯ ಹಂಗಿಲ್ಲ.

ಈ ಕಸುಬಿನ ಸೊಗಸೆಲ್ಲ ಪಕ್ಕದ ನಾಟಿಯಲ್ಲಿದೆ. ಬುಟ್ಟಿಯ ಮೂರನೇ ಒಂದರಷ್ಟು ತುಂಬಿದ ಮೇಲೆ ಹಾಸಿನಲ್ಲಿ ಕತ್ತರಿಯಿಂದ ಸೀಳು ಮಾಡಿ, ಸಸಿಯ ತಲೆಗೆ ಕಾಗದ ಸುತ್ತಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ತೂರಿಸುತ್ತಾರೆ. ಬೇರಿನ ಉಂಡೆ ಒಳಗೇ ಉಳಿಯುತ್ತದೆ. ಕಾಗದ ಬಿಚ್ಚಿದರೆ ಎಲೆಗಳು ಒಂದೂ ಮುರಿಯದೆ ಹೊರಗೆ ಹರಡಿಕೊಳ್ಳುತ್ತವೆ. ಮತ್ತಷ್ಟು ಮಿಶ್ರಣ, ಮತ್ತೊಂದು ಸುತ್ತು. ಪಕ್ಕಕ್ಕೆ ಆರು, ಮೇಲೆ ಮೂರು ಸಸಿ ನೆಟ್ಟು, ನೀರು ನಿಲ್ಲಲೆಂದು ಅಂಚಿನಿಂದ ಒಂದು ಇಂಚು ಖಾಲಿ ಬಿಡುತ್ತಾರೆ. ಮೇಲೆ ಮಾತ್ರ ನೆಟ್ಟ ಬುಟ್ಟಿ ತಿಂಗಳುಗಟ್ಟಲೆ ತನ್ನ ಬರಿ ಹೊಟ್ಟೆ ತೋರಿಸುತ್ತಿರುತ್ತದೆ. ಪಕ್ಕದಲ್ಲೂ ನೆಟ್ಟದ್ದು ಕೆಳಗಿನಿಂದ ನೋಡಿದರೂ ತೋಟವೇ.

ಯಾವ ಗಿಡ ಎಂಬುದನ್ನು ಊರಿನ ಹವೆ ಹೇಳಬೇಕು. ಬೆಂಗಳೂರು, ಮೈಸೂರಿನ ಚಳಿಗಾಲಕ್ಕೆ ಪೆಟೂನಿಯಾದಷ್ಟು ಒಪ್ಪುವುದು ಮತ್ತೊಂದಿಲ್ಲ. ದಕ್ಷಿಣ ಅಮೆರಿಕ ಮೂಲದ ಈ ಗಿಡದ ಉದ್ದಕ್ಕೆ ಇಳಿಬೀಳುವ ತಳಿಗಳನ್ನು ಬೆಳೆಸಿದ್ದು ಜಪಾನಿನ ಮದ್ಯ ತಯಾರಕರು ಎಂಬುದು ಸೋಜಿಗದ ಸಂಗತಿ: ಸಂಟೋರಿಯ ಸರ್ಫಿನಿಯಾ, ಕಿರಿನ್ ಕಂಪನಿಯಲ್ಲಿ ಹುಟ್ಟಿ 1995ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪರ್ಪಲ್ ವೇವ್. ಕಲಬುರಗಿ, ರಾಯಚೂರಿನ ಬಿಸಿಲಿಗೆ ಟೇಬಲ್ ರೋಸ್ ಸರಿ. ತುಂಡು ಕುಡಿ ಊರಿದರೂ ಚಿಗುರುತ್ತದೆ, ರಸತುಂಬಿದ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ನೆರಳಿನಲ್ಲಿ ಮಾತ್ರ ಹೂ ಬಿಚ್ಚಲೊಲ್ಲದು. ಕರಾವಳಿಯ ಮಳೆಯಲ್ಲಿ ಪೆಟೂನಿಯಾ ಕೊಳೆತು ಹೋಗುತ್ತದೆ. ಅಲ್ಲಿನ ಸೂರಿನಡಿಗೆ ಟೊರೇನಿಯಾ, ಬಿಗೋನಿಯಾ, ಜರಿಗಿಡ ಹೇಳಿ ಮಾಡಿಸಿದವು.

ಮಲೆನಾಡಿಗರಿಗೆ ತೂಗುವ ಹೂವನ್ನು ಯಾರೂ ಕಲಿಸಬೇಕಿಲ್ಲ. ಸೀತಾಳೆದಂಡೆ ಅವರ ಕಾಡಿನದೇ ಆರ್ಕಿಡ್. ಮುಂಗಾರಿನ ಆಸುಪಾಸಿನಲ್ಲಿ ಬಿಳಿ-ನೇರಳೆ ಹೂಗಳ ದಟ್ಟ ಗೊಂಚಲು ಗೇಣುದ್ದ ಜೋತುಬೀಳುತ್ತದೆ. ಮರಕ್ಕೆ ಆತುಕೊಂಡು ಬೆಳೆದರೂ ಮರದ ರಸ ಹೀರುವುದಿಲ್ಲ. ಬೇರಿನ ಹೊರಗಿನ ಸ್ಪಂಜಿನಂಥ ಪದರ ಮಳೆಯ ನೀರನ್ನೂ ಗಾಳಿಯ ತೇವವನ್ನೂ ಹಿಡಿದಿಡುತ್ತದೆ. ಮಣ್ಣು ಬೇಡ, ತೆಂಗಿನ ಸಿಪ್ಪೆ ಮತ್ತು ಇದ್ದಿಲ ಚೂರು ತುಂಬಿದ ಮರದ ಪಟ್ಟಿಯ ಬುಟ್ಟಿ ಸಾಕು. ಕಾಡಿನ ಕೊಂಬೆಯಿಂದ ಕಿತ್ತು ತಂದು ಬೆಳೆಸುವುದಂತೂ ಬೇಡವೇ ಬೇಡ. ನರ್ಸರಿಯಲ್ಲಿ ಬೆಳೆದ ಗಿಡವನ್ನೇ ಕೇಳಿ ಪಡೆಯಬೇಕು.

ಇನ್ನು ನೀರು. ನೆಲದ ಕುಂಡಕ್ಕೆ ಗಾಳಿ ಒಂದೆರಡು ಕಡೆಯಿಂದ ತಾಗಿದರೆ ತೂಗುಕುಂಡಕ್ಕೆ ಸುತ್ತಲಿಂದಲೂ, ಅಡಿಯಿಂದಲೂ ತಾಗುತ್ತದೆ. ಮಾರ್ಚ್ ಬಿಸಿಲಿಗೆ ದಿನಕ್ಕೆ ಎರಡು ಸಲ ಹಾಕಿದರೂ ಸಾಲದೆನಿಸಬಹುದು. ಕೆನಡಾದ ವಿಕ್ಟೋರಿಯಾ ನಗರ 1937ರಲ್ಲಿ ತನ್ನ 75ನೇ ವರ್ಷದ ಸಂಭ್ರಮಕ್ಕೆ ದೀಪದ ಕಂಬಗಳಿಗೆ ಹೂಬುಟ್ಟಿ ತೂಗಿಸಿತು. ಇಂದಿಗೂ ಬೇಸಿಗೆಯಲ್ಲಿ ಸಾವಿರಕ್ಕೂ ಹೆಚ್ಚು ಬುಟ್ಟಿಗಳು ಅಲ್ಲಿ ತೂಗುತ್ತವೆ. ಊರು ಮಲಗಿದ ಮೇಲೆ ಸಿಬ್ಬಂದಿ ಬೀದಿ ಬೀದಿ ಸುತ್ತಿ ನೀರುಣಿಸುತ್ತಾರೆ. ಮನೆಯಲ್ಲಿ ಆ ಕೆಲಸ ಒಂದು ತಂಬಿಗೆಯದು. ಬುಟ್ಟಿಯ ಅಡಿಗೆ ಅಂಗೈ ಕೊಟ್ಟು ಎತ್ತಿ ನೋಡಿದರೆ ಹಗುರವೋ ಭಾರವೋ ತಿಳಿಯುತ್ತದೆ. ಪಳಗಿದ ಕೈಗೆ ಬೇರೆ ಅಳತೆ ಬೇಡ. ಪೂರ್ತಿ ಒಣಗಿದ ಕೋಕೋಪೀಟ್ ಅಂಚು ಬಿಟ್ಟು ಕುಗ್ಗಿರುತ್ತದೆ, ಹಾಕಿದ ನೀರೆಲ್ಲ ಪಕ್ಕದಿಂದ ಜಾರಿ ಕೆಳಮನೆಯವರ ಬಾಲ್ಕನಿ ಸೇರುತ್ತದೆ. ಆಗ ಬುಟ್ಟಿ ಇಳಿಸಿ, ನೀರು ತುಂಬಿದ ಬಕೆಟ್‌ನಲ್ಲಿ ಅರ್ಧ ಗಂಟೆ ಕೂರಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಹೀಗೆ ಸುರಿದ ನೀರಿನೊಂದಿಗೆ ಸಾರವೂ ಇಳಿದುಹೋಗುವುದರಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಶೇಂಗಾ ಹಿಂಡಿಯ ತೆಳು ತಿಳಿಯನ್ನೋ, ಲೀಟರಿಗೆ ಒಂದೆರಡು ಗ್ರಾಂ 19:19:19 ಗೊಬ್ಬರವನ್ನೋ ಕೊಡಬೇಕು. ಎಳೆಯದರಲ್ಲೇ ಕುಡಿ ಚಿವುಟಿದರೆ ಅಡ್ಡಕುಡಿಗಳು ಒಡೆದು ಬುಟ್ಟಿ ಗುಂಡಗಾಗುತ್ತದೆ. ಬಾಡಿದ ಹೂವನ್ನು ಬುಡದ ಕಾಯಿಯ ಸಮೇತ ತೆಗೆಯಬೇಕು. ಬೀಜ ಕಟ್ಟತೊಡಗಿದ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಕೆಲವೊಮ್ಮೆ ಬುಟ್ಟಿಗೆ ಬಾಡಿಗೆ ಕೊಡದ ಒಕ್ಕಲೂ ಬರುತ್ತದೆ. ಪಿಕಳಾರ ಹಕ್ಕಿಗೆ ತೂಗುಕುಂಡವೆಂದರೆ ಪ್ರೀತಿ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಹೆಚ್ಚುಕಡಿಮೆ ಇನ್ನೆರಡು ವಾರ. ಅಷ್ಟು ದಿನ ಚಿವುಟುವ ಕೈ ತಡೆದು, ಗೂಡು ನೆನೆಯದಂತೆ ಅಂಚಿನಲ್ಲಷ್ಟೇ ನೀರು ಬಿಡಬೇಕು. ಹೂ ಸೊರಗಿದರೆ ಸೊರಗಲಿ.

ಹೊಸದಾಗಿ ಕೈಹಾಕುವವರು ಒಂದೇ ಬುಟ್ಟಿಯಿಂದ ಶುರು ಮಾಡಲಿ. ಎಂಟು ಇಂಚಿನದು ಅಗ್ಗವೆಂದು ಕೊಳ್ಳಬೇಡಿ, ಅದು ಮಧ್ಯಾಹ್ನದೊಳಗೆ ಒಣಗುತ್ತದೆ. 12 ಇಂಚಿನದೇ ಸಾಕಲು ಸುಲಭ. ಕೊಕ್ಕೆಯನ್ನೂ ತೀರಾ ಮೇಲೆ ಹಾಕಿಸಬೇಡಿ. ಸ್ಟೂಲ್ ಹತ್ತದೆ ನೀರು ಹಾಕಲು ಕೈಗೆಟುಕಬೇಕು.