ಮಂಡಿ ಸವೆದ ಮೇಲೆ

ನಮ್ಮ ಮಂಡ್ಯ ಸೀಮೆಯಲ್ಲಿ ಮಂಡಿ ಎಂದರೆ ಎರಡು ಅರ್ಥ. ಒಂದು ಬೆಲ್ಲ ಮಾರುವ ಜಾಗ, ಇನ್ನೊಂದು ಮೊಣಕಾಲಿನ ಕೀಲು. ಮೊದಲನೆಯದರ ದರ ಗಂಡಸರ ಬಾಯಲ್ಲಿ, ಎರಡನೆಯದರ ನೋವು ಹೆಂಗಸರ ಬಾಯಲ್ಲಿ. ನಮ್ಮೂರು ಹೊಳಲಿನಲ್ಲಿ ಮದುವೆಯಿರಲಿ, ಬೀಗರೂಟವಿರಲಿ, ಐವತ್ತು ದಾಟಿದ ನಾಲ್ಕು ಹೆಂಗಸರು ಸೇರಿದರೆ ಸಾಕು, ಮಾತು ಮಕ್ಕಳಿಂದ ಶುರುವಾಗಿ, ಸೊಸೆಯರ ಮೇಲೆ ಹಾದು, ಮಂಡಿಗೆ ಬಂದು ನಿಲ್ಲುತ್ತದೆ. ನೆಲದ ಪಂಕ್ತಿ ಹೋಗಿ ಟೇಬಲ್ ಊಟ ಬಂದದ್ದು ನಾಗರಿಕತೆಯಿಂದಲ್ಲ, ಈ ಮಂಡಿಯಿಂದಲೇ ಎಂದು ನನಗೆ ಬಲವಾದ ಅನುಮಾನ.

ಸವೆಯದೆ ಏನು ಮಾಡೀತು ಹೇಳಿ? ನಾಲೆ ನೀರು ಬಂದು ನಮ್ಮ ಸೀಮೆ ಹಸಿರಾಯಿತು. ಆ ಹಸಿರಿಗೆ ಬಗ್ಗಿ ನಾಟಿ ಹಾಕಿದವರು, ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರು ಹೆಂಗಸರು. ಮನೆಗೆ ಬಂದರೆ ನೆಲದ ಒಲೆಯ ಮುಂದೆ ಮತ್ತೆ ಅದೇ ಕುಕ್ಕರಗಾಲು. ನನ್ನದು ಗದ್ದೆ ಕಂಡ ಮಂಡಿಯಲ್ಲ. ಇಪ್ಪತ್ತೇಳು ವರ್ಷ ಕಪ್ಪುಹಲಗೆಯ ಮುಂದೆ ನಿಂತ ಮಂಡಿ. ಈಗೀಗ ಮೆಟ್ಟಿಲು ಹತ್ತುವಾಗ ಅದೂ ಮಾತಾಡಲು ಕಲಿತಿದೆ.

ನಿಜವಾದ ಸಂಕಟ ನಮ್ಮ ದೊಡ್ಡಕ್ಕನದು. ಅವಳಿಗೆ ಅರವತ್ತೆಂಟು. ಎರಡೂ ಮಂಡಿ ಸವೆದಿವೆ, ಬದಲಿಸಬೇಕು ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. "ಕುಯ್ಯಿಸ್ಕೊಳಕ್ಕೆ ನಾನೇನ್ ಕುಂಬಳಕಾಯಾ?" ಎಂದು ಅವಳು ಮುಂದೂಡುತ್ತಲೇ ಬಂದಳು. ಅಷ್ಟರಲ್ಲಿ ಮೊಮ್ಮಗನ ಫೋನಿನಲ್ಲಿ ಹೊಸ ಸುದ್ದಿ ಸಿಕ್ಕಿತು: ನ್ಯಾನೋ ಕಣ ಬಿಟ್ಟರೆ ಸವೆದ ಮೂಳೆ ಮತ್ತೆ ಬೆಳೆಯುತ್ತದಂತೆ. "ನೀನು ಓದ್ದೋಳು, ನಿಜಾನಾ ಸುಳ್ಳಾ ನೋಡಿ ಹೇಳು. ನಿಜ ಆದ್ರೆ ನಾನು ಕಾಯ್ತೀನಿ" ಎಂದು ದೊಡ್ಡಕ್ಕ ನನಗೆ ಕೆಲಸ ಹಚ್ಚಿದಳು.

ನಾನು ಓದಿದ್ದು ಬಿ.ಎ., ಬಿ.ಎಡ್. ವಿಜ್ಞಾನ ನನ್ನ ವಿಷಯವಲ್ಲ. ಆದರೆ ಅಕ್ಕ ಎರಡು ಮಂಡಿಯನ್ನು ನನ್ನ ಮಾತಿನ ಮೇಲೆ ಇಟ್ಟಿದ್ದಳು. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕಾಡಿ, ಸಿಕ್ಕಿದ್ದನ್ನೆಲ್ಲ ಓದಿ, ತಿಳಿದಷ್ಟನ್ನು ನಿಮಗೂ ಹೇಳುತ್ತೇನೆ.

ನ್ಯಾನೋ ಎಂಬ ಮಾತು ನಮಗೆ ಮೊದಲು ಬಂದದ್ದು ಟಾಟಾದವರ ಪುಟ್ಟ ಕಾರಿನಿಂದ. ಆಮೇಲೆ 2021ರಲ್ಲಿ ಅರ್ಧ ಲೀಟರ್ ಬಾಟಲಿಯ ನ್ಯಾನೋ ಯೂರಿಯಾ ಬಂತು. ಅಸಲಿಗೆ ಅದೊಂದು ಅಳತೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಒಂದು ರಾಗಿಕಾಳಿನ ಅಗಲವೇ ಹತ್ತು ಲಕ್ಷ ನ್ಯಾನೋಮೀಟರಿಗಿಂತ ಹೆಚ್ಚು!

ಇಷ್ಟು ಸಣ್ಣದಕ್ಕೂ ಮೂಳೆಗೂ ಏನು ನಂಟು? ಹಳೆಯ ಕಾಲದ ತಡಿಕೆ ಗೋಡೆಯನ್ನು ನೆನೆಸಿಕೊಳ್ಳಿ. ಒಳಗೆ ಹೆಣೆದ ಕಡ್ಡಿ, ಮೇಲೆ ಮೆತ್ತಿದ ಮಣ್ಣು. ಮೂಳೆಯೂ ಹಾಗೆಯೇ. ಕೊಲಾಜೆನ್ ಎಂಬ ನಾರಿನ ಹೆಣಿಗೆ, ಅದರ ನಡುವೆ ಸುಣ್ಣ ಮತ್ತು ರಂಜಕ ಕೂಡಿದ ಹೈಡ್ರಾಕ್ಸಿಅಪಟೈಟ್ ಎಂಬ ಖನಿಜದ ಹರಳು. ಈ ಹರಳುಗಳ ಗಾತ್ರ ನ್ಯಾನೋಮೀಟರುಗಳಲ್ಲೇ. ವಿಜ್ಞಾನಿಗಳು ನ್ಯಾನೋ ಕಣ ಹುಡುಕಿಕೊಂಡು ಹೋದದ್ದು ಹೊಸ ಮಾಯೆಗಾಗಿ ಅಲ್ಲ. ದೇಹ ಯಾವ ಅಳತೆಯಲ್ಲಿ ಗೋಡೆ ಕಟ್ಟುತ್ತದೋ ಅದೇ ಅಳತೆಯ ಇಟ್ಟಿಗೆ ಕೊಡುವುದಕ್ಕೆ.

ಇಂಥ ಕೆಲಸ ದೂರದ ದೇಶದಲ್ಲೇ ನಡೆಯಬೇಕೆಂದಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ತಂಡ, ಗ್ರಾಫೀನ್ ಹಾಳೆಯ ಮೇಲೆ ಸ್ಟ್ರಾನ್ಷಿಯಂ ಕಣ ಕೂರಿಸಿ, ಅದನ್ನು ಪ್ಲಾಸ್ಟಿಕ್ಕಿನಂಥ ಚೌಕಟ್ಟಿಗೆ ಬೆರೆಸಿ, ಅದರೊಳಗೆ ಜೀವಕೋಶಗಳು ಮೂಳೆಯಾಗಲು ಉತ್ತೇಜನ ಸಿಗುತ್ತದೆ ಎಂದು 2015ರಲ್ಲಿ ತೋರಿಸಿತು. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ.

ದೊಡ್ಡಕ್ಕನ ಕಷ್ಟ ಇನ್ನೂ ಕಠಿಣ. ಅವಳದು ಮೂಳೆಯಲ್ಲ, ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಮೃದ್ವಸ್ಥಿ. ಮುರಿದ ಮೂಳೆ ಕಟ್ಟು ಹಾಕಿದರೆ ಕೂಡುತ್ತದೆ, ಏಕೆಂದರೆ ಅಲ್ಲಿ ರಕ್ತ ಓಡಾಡುತ್ತದೆ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ನಾಲೆಯ ಕೊನೆಯ ಗದ್ದೆಯಂತೆ, ಅಕ್ಕಪಕ್ಕದಿಂದ ಜಿನುಗಿದ್ದರಲ್ಲೇ ಬದುಕಬೇಕು. ಹೀಗಾಗಿ ಒಮ್ಮೆ ಸವೆದರೆ ತಾನಾಗಿ ಬೆಳೆಯುವುದು ಬಹಳ ಕಷ್ಟ. ಅದರಲ್ಲೂ ಮುಟ್ಟು ನಿಂತ ಮೇಲೆ ಈ ಸವೆತ ಹೆಂಗಸರಲ್ಲೇ ಹೆಚ್ಚು.

ನೇರವಾಗಿ ಮಂಡಿಗೇ ಔಷಧಿ ಚುಚ್ಚಬಹುದಲ್ಲ ಎಂದರೆ, ಅದು ಅಲ್ಲಿ ನಿಲ್ಲುವುದಿಲ್ಲ, ಬೇಗನೆ ಜಾರಿಹೋಗುತ್ತದೆ. ಅದೇ ಸಂಸ್ಥೆಯ ರಚಿತ್ ಅಗರ್ವಾಲ್ ಅವರ ತಂಡ 2021ರಲ್ಲಿ ಇದಕ್ಕೊಂದು ದಾರಿ ಹೇಳಿತು. ದೇಹದಲ್ಲಿ ಮೆಲ್ಲಗೆ ಕರಗುವ ಪಾಲಿಮರ್ ಗುಂಡುಗಳೊಳಗೆ ರಾಪಾಮೈಸಿನ್ ಎಂಬ ಔಷಧಿ ತುಂಬಿ ಇಲಿಯ ಮಂಡಿಗೆ ಬಿಟ್ಟರೆ, ಅವು ಮೂವತ್ತು ದಿನಗಳವರೆಗೆ ಉಳಿದವು. ಗಮನಿಸಿ, ಇವು ನ್ಯಾನೋ ಕಣಗಳಲ್ಲ, ಅದಕ್ಕಿಂತ ದೊಡ್ಡ ಮೈಕ್ರೋ ಕಣಗಳು. ಉದ್ದೇಶವೂ ಇರುವ ಮೃದ್ವಸ್ಥಿಯನ್ನು ಉಳಿಸುವುದು.

ಬೆಳೆಸುವ ಕತೆ ಅಮೆರಿಕದ್ದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟುಪ್ ಅವರ ತಂಡ ನ್ಯಾನೋ ಎಳೆಗಳಿರುವ ಅಂಟಿನಂಥ ವಸ್ತುವನ್ನು ಕುರಿಗಳ ಮಂಡಿಯ ಗಾಯಕ್ಕೆ ತುಂಬಿತು. ಆರು ತಿಂಗಳಲ್ಲಿ ಅಲ್ಲಿ ಒಳ್ಳೆಯ ಮೃದ್ವಸ್ಥಿ ಬೆಳೆದಿತ್ತೆಂದು 2024ರಲ್ಲಿ ಪ್ರಕಟಿಸಿದರು. ಕುರಿಯ ಮಂಡಿ ಮನುಷ್ಯರದಕ್ಕೆ ಹತ್ತಿರವಂತೆ. ಇದನ್ನು ಕೇಳಿ ದೊಡ್ಡಕ್ಕ, "ನಮ್ ಬಂಡೂರು ಕುರಿಗೆ ಇಂಥ ಯೋಗ ಇಲ್ವಲ್ಲೇ, ಅವು ಬರೀ ಸಾರಿಗೇ ಬಂದ್ವು" ಎಂದಳು.

ನಗುವಿನ ಹಿಂದೆ ಆಸೆಯಿತ್ತು. ಆ ಆಸೆಗೇ ಪೇಟೆಯಲ್ಲಿ ಬೆಲೆ ಕಟ್ಟುವವರಿದ್ದಾರೆ. ಅಂಗಡಿಯೊಂದರಲ್ಲಿ ನ್ಯಾನೋ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಿಯನ್ನು ಅವಳಿಗೆ ಮಾರಿದ್ದರು. ಮೂರು ತಿಂಗಳು ತಿಂದಳು, ಡಬ್ಬಿ ಖಾಲಿಯಾಯಿತು, ಮಂಡಿ ಹಾಗೇ ಇತ್ತು. ಈಗ ಆ ಡಬ್ಬಿಯಲ್ಲಿ ಸಾಸಿವೆ ಇದೆ. ಪ್ರಯೋಗಾಲಯದ ಮಾತು ನಿಜವಾದರೂ ಅದರ ಹೆಸರು ಹೊತ್ತ ಡಬ್ಬಿ ನಿಜವಾಗಬೇಕಿಲ್ಲ. ನಿಮ್ಮ ಮನೆಗೂ ಅಂಥದ್ದು ಬಂದರೆ, ಇದನ್ನು ಯಾವ ಮನುಷ್ಯರ ಮೇಲೆ, ಎಷ್ಟು ಜನರ ಮೇಲೆ ನೋಡಿದ್ದೀರಿ ಎಂದು ಒಂದು ಮಾತು ಕೇಳಿ.

ಕೊನೆಗೆ ನಾನು ಅವಳಿಗೆ ಹೇಳಿದ್ದು ಇಷ್ಟು. ಕುರಿಯಲ್ಲಿ ತುಂಬಿದ್ದು ವೈದ್ಯರೇ ಮಾಡಿದ ಸಣ್ಣ ಗಾಯ. ನಿನ್ನದು ಇಡೀ ಕೀಲು ಸವೆದದ್ದು. ಕುರಿಯಿಂದ ಮನುಷ್ಯರಿಗೆ ಬರಲು ವರ್ಷಗಳು ಬೇಕು. ಬದಲಿ ಮಂಡಿಯೋ ಪರೀಕ್ಷೆಯಾದದ್ದು. ಹೆಚ್ಚಿನವರಿಗೆ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಹಿಂದೆ ಲಕ್ಷ ಮೀರುತ್ತಿದ್ದ ಸಾಮಾನ್ಯ ಲೋಹದ ಕೀಲಿಗೆ 2017ರಲ್ಲಿ ಸರ್ಕಾರ 54,720 ರೂಪಾಯಿಯ ಮಿತಿ ಹಾಕಿತು. ತೆರಿಗೆ, ಆಸ್ಪತ್ರೆ ಖರ್ಚು ಬೇರೆ. ಆದರೆ ಆಮೇಲೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ.

ದೊಡ್ಡಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಕುಕ್ಕರಗಾಲು ಬಿಟ್ಟು ಬದುಕುವುದೆಂದರೆ ಅವಳ ಪಾಲಿಗೆ ಗದ್ದೆ ಬಿಟ್ಟಂತೆ. ಆಮೇಲೆ, "ಇಲಿ ಆಯ್ತು, ಕುರಿ ಆಯ್ತು, ನನ್ ಸರದಿ ಬರೋವರ್ಗೂ ನಾನಿರಕ್ಕಿಲ್ಲ ಕಣೇ. ಅದು ನಿನ್ ಮಂಡಿಗೆ ಸಿಗ್ಲಿ, ಇಲ್ದಿದ್ರೆ ನಿನ್ ಮಗಳಿಗೆ" ಎಂದಳು.

ಭತ್ತ ಮನೆಗೆ ಬಂದ ಮೇಲೆ ಮೊದಲು ಬಲಗಾಲು ಎಂದು ದಿನ ಗೊತ್ತು ಮಾಡಿದ್ದಾರೆ. ಸೊಸೆ ಈಗಲೇ ನೆಲದ ಒಲೆ ತೆಗೆಸಿ ಕಟ್ಟೆ ಕಟ್ಟಿಸುತ್ತಿದ್ದಾಳೆ. ಅದನ್ನು ಇಪ್ಪತ್ತು ವರ್ಷ ಮೊದಲೇ ಕಟ್ಟಿಸಬಹುದಿತ್ತಲ್ಲ ಎಂದು ಆ ಮನೆಯಲ್ಲಿ ಯಾರೂ ಇನ್ನೂ ಕೇಳಿಲ್ಲ.