ಸೀಸೆಯ ಮೇಲಿನ ನುಡಿ

ಹುಟ್ಟಿದ ದೇಹಕ್ಕೆ ಮುಪ್ಪು ತಪ್ಪಿದ್ದಲ್ಲ. ಅದನ್ನು ತಡೆಯಬೇಕೆಂಬ ಹಂಬಲವೂ ಬಹು ಹಳೆಯದು. ರಸಸಿದ್ಧರು ಪಾದರಸದಲ್ಲಿ ಅರಸಿದ ಕಾಯಸಿದ್ಧಿಯನ್ನು ಇಂದಿನವರು ಪೆಪ್ಟೈಡ್ ಎಂಬ ಕಿರು ಅಣುಗಳಲ್ಲಿ ಅರಸುತ್ತಿದ್ದಾರೆ.

ಪೆಪ್ಟೈಡ್ ಎಂದರೇನು? ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಚಿಕ್ಕ ಸರ. ಅದೇ ಸರ ಉದ್ದವಾದರೆ ಪ್ರೋಟೀನು. 1973ರಲ್ಲಿ ಅಮೆರಿಕದ ವಿಜ್ಞಾನಿ ಲೋರೆನ್ ಪಿಕಾರ್ಟ್ ಮನುಷ್ಯನ ರಕ್ತದ್ರವದಲ್ಲಿ ಮೂರೇ ಮಣಿಗಳ ಸರವೊಂದನ್ನು ಗುರುತಿಸಿದರು. ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬುವೇ ಆ ಮಣಿಗಳು. ಈ ಸರವು ತಾಮ್ರವನ್ನು ಹಿಡಿದುಕೊಳ್ಳಬಲ್ಲದು. ತಾಮ್ರದೊಡಗೂಡಿ ಅದು ಕೊಲಾಜೆನ್ನಿನ ಉತ್ಪತ್ತಿಯನ್ನು ಪ್ರಚೋದಿಸುವುದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಾಣಲಾಯಿತು. ಇಂದು ಅದನ್ನೇ ಕೃತಕವಾಗಿ ತಯಾರಿಸಿ ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಬೆರೆಸುತ್ತಾರೆ.

ಕ್ರೀಮಿಗೆ ಚರ್ಮವೆಂಬ ಕಾವಲುಂಟು. ಸುಮಾರು 500 ಡಾಲ್ಟನ್ನಿಗಿಂತ ಭಾರವಾದ ಅಣುಗಳನ್ನು ಅದು ಸುಲಭವಾಗಿ ಒಳಬಿಡದು. ಸುಕ್ಕು ನಿವಾರಿಸುವುದೆಂದು ಹೆಸರಾದ ಆರು ಮಣಿಗಳ ಆರ್ಜಿರೆಲೈನ್ 900 ಡಾಲ್ಟನ್ನಿನ ಆಸುಪಾಸಿನದು. ಹೀಗಾಗಿ ಕ್ರೀಮಿನಿಂದ ಬಹುತೇಕ ನಷ್ಟವಾಗುವುದು ಹಣ ಮಾತ್ರ.

ಸೂಜಿಯಾದರೋ ಈ ಕಾವಲನ್ನು ದಾಟಿಯೇ ಒಳಹೊಗುತ್ತದೆ. ರಷ್ಯಾದ ವ್ಲಾದಿಮಿರ್ ಖವಿನ್ಸನ್ ಅವರು ಅಧ್ಯಯನ ಮಾಡಿದ ಎಪಿಟಾಲಾನ್ ನಾಲ್ಕು ಮಣಿಗಳ ಸರ. ಆಯುಷ್ಯವನ್ನು ಹೆಚ್ಚಿಸುವುದೆಂಬ ಭರವಸೆಯೊಡನೆ ಅದು ಪುಡಿಯಾಗಿ, ಪುಟ್ಟ ಗಾಜಿನ ಸೀಸೆಗಳಲ್ಲಿ, ಅಂತರಜಾಲದ ಮೂಲಕ ಮಾರಾಟವಾಗುತ್ತದೆ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಪಿಟಾಲಾನನ್ನೂ ಚುಚ್ಚುಮದ್ದಿನ ರೂಪದ ತಾಮ್ರಪೆಪ್ಟೈಡನ್ನೂ ಗಂಭೀರ ಅಪಾಯದ ಶಂಕೆಯುಳ್ಳ ಪದಾರ್ಥಗಳ ಸಾಲಿಗೆ ಸೇರಿಸಿತು. ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಬಹುದು, ತಯಾರಿಕೆಯ ಕಲ್ಮಷಗಳು ಉಳಿದಿರಬಹುದು ಎಂಬುದು ಅದರ ಆತಂಕ.

ಇಂತಹ ಅನೇಕ ಸೀಸೆಗಳ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿರುತ್ತದೆ: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಅದೇ ಸೀಸೆಯ ಜಾಹೀರಾತು ಮಾತ್ರ ಮರಳಿ ಬರುವ ಯೌವನದ ಮಾತಾಡುತ್ತದೆ. ಸಣ್ಣ ಅಕ್ಷರ ಮಾರುವವನನ್ನು ಕಾನೂನಿನಿಂದ ಕಾಯಲೆಂದು, ದೊಡ್ಡ ಅಕ್ಷರ ಕೊಳ್ಳುವವನನ್ನು ಸೆಳೆಯಲೆಂದು. ನುಡಿಯೊಂದು ನಡೆಯೊಂದಾದ ಈ ವ್ಯಾಪಾರದಲ್ಲಿ ಸಂಶೋಧನೆಯೇನೋ ನಡೆಯುತ್ತದೆ. ಆದರೆ ಅದನ್ನು ಬರೆದಿಡುವವರಿಲ್ಲ, ಕೆಡುಕಾದರೆ ಹೊಣೆ ಹೊರುವವರಿಲ್ಲ. ಕೊಂಡವನ ಕಾಯವೇ ಪ್ರಯೋಗಶಾಲೆಯಾಗುತ್ತದೆ.

ಮೂರು ಮಣಿಗಳ ಸರದಲ್ಲಿ ದೋಷವಿಲ್ಲ. ಅದು ರಕ್ತದಲ್ಲಿಯೇ ಹರಿಯುವಂಥದು. ಅದನ್ನು ಕಂಡ ಕುತೂಹಲದಲ್ಲಿಯೂ ದೋಷವಿಲ್ಲ. ಮುಪ್ಪಿನ ಭಯವನ್ನೇ ಬಂಡವಾಳವಾಗಿಸಿ, ಸಿದ್ಧವಾಗದ ಅರಿವನ್ನು ಸಿದ್ಧೌಷಧವೆಂದು ಮಾರುವಲ್ಲಿ ದೋಷವಿದೆ. ಸೂಜಿ ಹಿಡಿಯುವ ಮುನ್ನ ಆ ಸಣ್ಣ ಅಕ್ಷರಗಳನ್ನು ಓದಿ, ಬಲ್ಲ ವೈದ್ಯರನ್ನು ಕೇಳಿ ಮುಂದಡಿಯಿಡುವುದು ಲೇಸು.